ಒಂದು ಅಂಕದ ಉತ್ತರ

ಮೇಷ್ಟರಾದವನ ಮನೆಯಲ್ಲಿ ಹಳೆಯ ಉತ್ತರಪತ್ರಿಕೆಗಳು ಉಳಿಯಬಾರದು. ಅಂಕಗಳನ್ನು ಪಟ್ಟಿಗೆ ಏರಿಸಿದ ಮೇಲೆ ಮಕ್ಕಳಿಗೆ ಹಿಂತಿರುಗಿಸಬೇಕು, ಇಲ್ಲವೇ ರದ್ದಿಯವನಿಗೆ ಹಾಕಬೇಕು. ಹಾಗಿದ್ದೂ ನನ್ನ ಬೀರುವಿನಲ್ಲಿ, ಎಲ್‌ಐಸಿ ಬಾಂಡು ಮತ್ತು ಮನೆ ಕಂದಾಯದ ರಸೀದಿಗಳ ನಡುವೆ, ನಾಲ್ಕಾಗಿ ಮಡಿಸಿದ ಒಂದು ಉತ್ತರಪತ್ರಿಕೆ 2015ರಿಂದ ಕುಳಿತಿದೆ. ಸಮಾಜ ವಿಜ್ಞಾನ, ಒಂಬತ್ತನೇ ತರಗತಿ, 20ಕ್ಕೆ 18. ನನ್ನ ಹೆಂಡತಿ ಬೀರು ಓರಣ ಮಾಡುವಾಗಲೆಲ್ಲ ಅದನ್ನು ಕೈಗೆತ್ತಿಕೊಂಡು, "ಇದನ್ನ ಎಸೀಲಾ?" ಎನ್ನುತ್ತಾಳೆ. "ಇರಲಿ" ಎನ್ನುತ್ತೇನೆ. ಅದರಲ್ಲಿ ಹೋದ ಎರಡು ಅಂಕಗಳ ಪೈಕಿ ಒಂದು ಆ ಹುಡುಗಿಯ ತಪ್ಪಿಗೆ ಹೋದದ್ದು. ಇನ್ನೊಂದು ನನ್ನ ತಪ್ಪಿಗೆ.

ಆಗ ನಾನು ಬೆಂಗಳೂರಿನ ದಕ್ಷಿಣ ಭಾಗದ ಒಂದು ಅನುದಾನಿತ ಪ್ರೌಢಶಾಲೆಯಲ್ಲಿದ್ದೆ. ಕನ್ನಡ ಮಾಧ್ಯಮ. ಒಂಬತ್ತನೇ ತರಗತಿಯಲ್ಲಿ 42 ಮಕ್ಕಳು. ಆಟೋ ಓಡಿಸುವವರ, ಗಾರ್ಮೆಂಟ್ಸಿಗೆ ಹೋಗುವವರ, ತರಕಾರಿ ಮಾರುವವರ ಮಕ್ಕಳು. ಕೆಲವರ ತಂದೆಯರು ಚಿಕ್ಕಪುಟ್ಟ ಗುತ್ತಿಗೆ ಹಿಡಿದು, ಚುನಾವಣೆ ಬಂದಾಗ ಒಂದಲ್ಲ ಒಂದು ಪಕ್ಷದ ಶಾಲು ಹೊದೆಯುವವರು. ಹೀಗಾಗಿ ಪೌರನೀತಿಯ ಪಾಠ ಮಾಡುವಾಗ ನನಗೆ ಸ್ವಲ್ಪ ಎಚ್ಚರಿಕೆ ಬೇಕಾಗುತ್ತಿತ್ತು. ಮಕ್ಕಳು ಮನೆಯಲ್ಲಿ ಕೇಳಿದ್ದನ್ನು ತರಗತಿಗೆ ತರುತ್ತಾರೆ, ತರಗತಿಯಲ್ಲಿ ಕೇಳಿದ್ದನ್ನು ಮನೆಗೆ ಒಯ್ಯುತ್ತಾರೆ. ಎರಡೂ ಕಡೆ ಅಷ್ಟಿಷ್ಟು ಮಸಾಲೆ ಸೇರಿರುತ್ತದೆ.

ಆ ವರ್ಷದ ಆಗಸ್ಟ್ 22, ಶನಿವಾರ, ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ ಚುನಾವಣೆ. ಒಟ್ಟು 198 ವಾರ್ಡುಗಳು. ಹೊಂಗಸಂದ್ರದಲ್ಲಿ ಅವಿರೋಧ ಆಯ್ಕೆಯಾಗಿದ್ದರಿಂದ 197ರಲ್ಲಿ ಮತದಾನ. ಮೇಷ್ಟರುಗಳಿಗೆ ಚುನಾವಣೆಯೆಂದರೆ ಡ್ಯೂಟಿ. ಹಿಂದಿನ ದಿನವೇ ಮಸ್ಟರಿಂಗ್ ಕೇಂದ್ರಕ್ಕೆ ಹೋಗಿ, ಹೆಸರು ಕೂಗುವವರೆಗೂ ಬಿಸಿಲಲ್ಲಿ ನಿಂತು, ಮತಯಂತ್ರದ ಪೆಟ್ಟಿಗೆ, ಅರಗು, ದಾರ, ಲಕೋಟೆಗಳ ಕಟ್ಟು, ಶಾಯಿಯ ಸಣ್ಣ ಸೀಸೆ ಎಲ್ಲ ಎಣಿಸಿಕೊಂಡು ಬಸ್ಸು ಹತ್ತಿದೆವು. ಆ ಶಾಯಿ ನಮ್ಮ ಮೈಸೂರಿನದೇ. 1937ರಲ್ಲಿ ಮಹಾರಾಜರ ಕಾಲದಲ್ಲಿ ಶುರುವಾದ ಬಣ್ಣದ ಕಾರ್ಖಾನೆಯಲ್ಲಿ ತಯಾರಾಗುವ ಆ ಶಾಯಿ 1962ರ ಸಾರ್ವತ್ರಿಕ ಚುನಾವಣೆಯಿಂದ ಇಡೀ ದೇಶದ ಬೆರಳಿಗೆ ಅಂಟಿದೆ. ಅದನ್ನು ಮಕ್ಕಳಿಗೆ ಹೇಳುವಾಗ ನನಗೆ ಪ್ರತಿ ಸಲವೂ ಸ್ವಲ್ಪ ಎದೆ ಉಬ್ಬುತ್ತಿತ್ತು. ಆ ರಾತ್ರಿ ಮಾತ್ರ ಎದೆ ಉಬ್ಬಲಿಲ್ಲ. ಶಾಲೆಯೊಂದರ ಬೆಂಚಿನ ಮೇಲೆ ಮಲಗಿ ಸೊಳ್ಳೆ ಹೊಡೆಯುತ್ತಾ ಬೆಳಗು ಮಾಡಿದೆವು.

ಬೆಳಿಗ್ಗೆ ಏಳಕ್ಕೆ ನಮ್ಮ ಮತಗಟ್ಟೆಗೆ ಮೊದಲು ಬಂದವರು ಬೀದಿ ಗುಡಿಸುವ ಏಳೆಂಟು ಹೆಂಗಸರು. ಪೊರಕೆಗಳನ್ನು ಕಾಂಪೌಂಡಿಗೆ ಒರಗಿಸಿ, ಸಾಲಾಗಿ ಬಂದು, ಬೆರಳು ಚಾಚಿ, ಓಟು ಒತ್ತಿ ಕೆಲಸಕ್ಕೆ ಹೋದರು. ಆಮೇಲೆ ಹನ್ನೊಂದರವರೆಗೆ ನಾವು ಕಾಫಿ ಕುಡಿಯುತ್ತಾ ಕುಳಿತೆವು. ಎದುರು ಬೀದಿಯ ದೊಡ್ಡ ಮನೆಗಳಿಂದ ಜನ ಬಂದರು, ಕಾರು ತೆಗೆದರು, ಹೊರಟುಹೋದರು. ವಾರಾಂತ್ಯದ ರಜೆ ಅಲ್ಲವೇ. ಕೊನೆಗೆ ಊರಿಗೆ ಊರೇ ಲೆಕ್ಕ ಹಾಕಿದಾಗ ಮತದಾನ ನೂರಕ್ಕೆ 49ರ ಆಸುಪಾಸು. ಬಡಾವಣೆಯ ರಸ್ತೆಗುಂಡಿಯ ಬಗ್ಗೆ ಹೆಚ್ಚು ಮಾತಾಡುವವರೆಲ್ಲ ಉಳಿದ 51ರಲ್ಲಿ ಇದ್ದರೆಂದು ನಾನು ಹೇಳುವುದಿಲ್ಲ. ಕೆಲವರು ಇದ್ದರು.

25ನೇ ತಾರೀಖು ಮಂಗಳವಾರ ಎಣಿಕೆ. ಬಿಜೆಪಿ 100, ಕಾಂಗ್ರೆಸ್ 76, ಜೆಡಿಎಸ್ 14, ಇತರರು 8. ನೂರಾ ತೊಂಬತ್ತೆಂಟರಲ್ಲಿ ನೂರು ಅಂದರೆ ಅರ್ಧಕ್ಕಿಂತ ಒಂದು ಹೆಚ್ಚು. ಸಂಜೆಯೇ ಪಟಾಕಿ ಸಿಡಿಯಿತು. ನಮ್ಮ ಬೀದಿಯಲ್ಲೂ ಒಬ್ಬರು ಗೆದ್ದಿದ್ದರು, ತೆರೆದ ಜೀಪಿನಲ್ಲಿ ಬಂದು ಕೈ ಮುಗಿದರು. ಮೊದಲು ಸ್ವಲ್ಪ ಹಿಂದಕ್ಕೆ ಹೋಗಬೇಕು. 2010ರಲ್ಲಿ ಇದೇ ಪಾಲಿಕೆಗೆ ಮೊದಲ ಚುನಾವಣೆ ನಡೆದಾಗ ಬಿಜೆಪಿಗೆ 111 ಸ್ಥಾನ ಬಂದಿತ್ತು. ಆ ಐದು ವರ್ಷವೂ ಮೇಯರುಗಳು ಅದೇ ಪಕ್ಷದವರೇ. ಐದು ವರ್ಷ ಒಂದೇ ಥರ ನಡೆದದ್ದನ್ನು ನೋಡಿದರೆ ಮನುಷ್ಯನಿಗೆ ಅದೇ ನಿಯಮವೆಂದು ಅನಿಸಿಬಿಡುತ್ತದೆ. ಹೆಚ್ಚು ಸ್ಥಾನ ಬಂದವರು ಆಳುತ್ತಾರೆ, ಮುಗಿಯಿತು. ಮೇಷ್ಟರಿಗೂ ಹಾಗೇ ಅನಿಸಿತು ಎಂಬುದೇ ನನ್ನ ಈ ಕಥೆ.

27ನೇ ತಾರೀಖು, ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ, ಒಂದು ಕಿರುಪರೀಕ್ಷೆ ಇಟ್ಟಿದ್ದೆ. ಇಪ್ಪತ್ತು ಪ್ರಶ್ನೆ, ಇಪ್ಪತ್ತು ಅಂಕ. ಅದರಲ್ಲಿ ಮೊದಲ ಇಬ್ಬರನ್ನು ಶಾಲೆಗಳ ನಡುವಿನ ರಸಪ್ರಶ್ನೆ ಸ್ಪರ್ಧೆಗೆ ಕಳಿಸುವುದೆಂದು ಮುಖ್ಯೋಪಾಧ್ಯಾಯರೂ ನಾನೂ ಮಾತಾಡಿಕೊಂಡಿದ್ದೆವು. ಪ್ರಚಲಿತ ವಿಷಯವೂ ಇರಲಿ ಎಂದು 14ನೇ ಪ್ರಶ್ನೆ ಹೀಗೆ ಕೊಟ್ಟೆ: "ಇತ್ತೀಚಿನ ಚುನಾವಣೆಯ ನಂತರ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯಲ್ಲಿ ಅಧಿಕಾರಕ್ಕೆ ಬಂದ ಪಕ್ಷ ಯಾವುದು?" ಬಹಳ ಸುಲಭದ ಪ್ರಶ್ನೆ, ದಡ್ಡರಿಗೂ ಒಂದು ಅಂಕ ಸಿಗಲಿ ಎಂಬ ಉದಾರ ಬುದ್ಧಿಯಿಂದ ಕೇಳಿದ್ದು.

41 ಮಕ್ಕಳು ಬಿಜೆಪಿ ಎಂದು ಬರೆದರು. ಒಬ್ಬಳು ಬರೆದಳು: "ಇನ್ನೂ ತೀರ್ಮಾನವಾಗಿಲ್ಲ. ಮೇಯರ್ ಆದ ಮೇಲೆ ಗೊತ್ತಾಗುತ್ತದೆ."

ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದು ಸೊನ್ನೆ ಹಾಕಿದೆ. ಅಷ್ಟಕ್ಕೆ ಸುಮ್ಮನಿದ್ದರೆ ಇಷ್ಟು ಬರೆಯುವ ಪ್ರಮೇಯ ಬರುತ್ತಿರಲಿಲ್ಲವೇನೋ. ಪಕ್ಕದಲ್ಲಿ "ದಿನಪತ್ರಿಕೆ ಓದು" ಎಂದು ಷರಾ ಬರೆದೆ. ಅಕ್ಷರ ಸ್ವಲ್ಪ ದಪ್ಪವಾಗಿಯೇ ಬಿದ್ದಿದೆ. ಈಗಲೂ ಆ ಹಾಳೆ ಬಿಡಿಸಿದರೆ ಮೊದಲು ಕಾಣುವುದು ಅದೇ.

ಪತ್ರಿಕೆ ಹಂಚಿದ ದಿನ ಅವಳು ಎದ್ದು ನಿಂತಳು. ಮೂರನೇ ಬೆಂಚಿನ ಹುಡುಗಿ, ಹೆಚ್ಚು ಮಾತಿನವಳಲ್ಲ.

"ಸಾರ್, ಹದಿನಾಲ್ಕನೇದಕ್ಕೆ ಯಾಕೆ ಸೊನ್ನೆ?"

"ಮೊನ್ನೆ ತಾನೇ ಫಲಿತಾಂಶ ಬಂತಲ್ಲಮ್ಮ. ಪೇಪರ್ ನೋಡಲಿಲ್ವಾ?"

"ನೋಡಿದೆ ಸಾರ್. ಮೇಯರ್ ಇನ್ನೂ ಆಗಿಲ್ಲ."

"ಅದು ಬರೀ ಶಾಸ್ತ್ರ ಕಣಮ್ಮ. ಕೂತ್ಕೋ."

ಕೂತಳು. ತರಗತಿ ನಕ್ಕಿತು. ನಾನೂ ನಕ್ಕೆನೆಂದು ತೋರುತ್ತದೆ. ರಸಪ್ರಶ್ನೆಗೆ 19 ಬಂದ ಹುಡುಗನೂ ಹದಿನೆಂಟೂವರೆ ಬಂದ ಇನ್ನೊಬ್ಬ ಹುಡುಗನೂ ಹೋದರು. ಇವಳದು 18. ಸ್ಪರ್ಧೆ ಸೆಪ್ಟೆಂಬರ್ ಮೊದಲ ವಾರವೇ ಮುಗಿಯಿತು. ನಮ್ಮವರಿಗೆ ಬಹುಮಾನ ಬರಲಿಲ್ಲ, ಬಂದರೆ ಬರದಿದ್ದರೆ ಅದು ಬೇರೆ ಮಾತು.

ಈ ನಡುವೆ ಪತ್ರಿಕೆಗಳಲ್ಲಿ ಬೇರೊಂದು ಲೆಕ್ಕ ಶುರುವಾಗಿತ್ತು. ಮೇಯರ್ ಆಯ್ಕೆಯಲ್ಲಿ ಓಟು ಹಾಕುವವರು 198 ಕಾರ್ಪೊರೇಟರುಗಳು ಮಾತ್ರವಲ್ಲ. ನಗರವನ್ನು ಪ್ರತಿನಿಧಿಸುವ ಶಾಸಕರಿಗೂ ಲೋಕಸಭೆಯ ಸದಸ್ಯರಿಗೂ, ನಗರದ ವ್ಯಾಪ್ತಿಯಲ್ಲಿ ಮತದಾರರಾಗಿ ನೋಂದಾಯಿತರಾದ ವಿಧಾನ ಪರಿಷತ್ ಮತ್ತು ರಾಜ್ಯಸಭೆಯ ಸದಸ್ಯರಿಗೂ ಅಲ್ಲಿ ಮತವಿತ್ತು. ಕರ್ನಾಟಕ ಪೌರ ನಿಗಮಗಳ ಅಧಿನಿಯಮ 1976ರದು. ಅಂದರೆ ನಾನು ಕೆಲಸಕ್ಕೆ ಸೇರುವ ಮೊದಲಿನಿಂದಲೂ ಇರುವ ಕಾನೂನು. ಇಪ್ಪತ್ತೈದು ವರ್ಷ ಸ್ಥಳೀಯ ಸಂಸ್ಥೆಗಳ ಪಾಠ ಮಾಡಿದವನು "ಸದಸ್ಯರು ಮೇಯರ್ ಅವರನ್ನು ಆರಿಸುತ್ತಾರೆ" ಎಂಬ ಒಂದು ವಾಕ್ಯ ಹೇಳಿ ಮುಂದಿನ ಪುಟಕ್ಕೆ ಹೋಗಿದ್ದೆನೇ ಹೊರತು, ಆ ಸದಸ್ಯರು ಯಾರ್ಯಾರು ಎಂದು ಒಂದು ದಿನವೂ ನೋಡಿರಲಿಲ್ಲ.

ಕಾಂಗ್ರೆಸ್ಸೂ ಜೆಡಿಎಸ್ಸೂ ಒಂದಾಗುವ ಸುದ್ದಿ ಬಂತು. ಪಕ್ಷೇತರರನ್ನು ಕೇರಳದ ರೆಸಾರ್ಟಿಗೆ ಕರೆದುಕೊಂಡು ಹೋದ ಸುದ್ದಿ ಬಂತು. ಒಂದೊಂದು ವಾರ್ಡಿನ ಜನ ತಮ್ಮ ಚರಂಡಿ ನೋಡಲೆಂದು ಆರಿಸಿದ ಮನುಷ್ಯ, ಪ್ರಮಾಣವಚನಕ್ಕೂ ಮೊದಲೇ ಕೇರಳದ ಹಿನ್ನೀರು ನೋಡುತ್ತಿದ್ದ. ಸ್ಟಾಫ್ ರೂಮಿನಲ್ಲಿ ಎರಡು ಗುಂಪಾಯಿತು. ನಾನು ಒಳಗೊಳಗೇ ಬೆವರತೊಡಗಿದ್ದೆ. ನನಗೆ ಯಾವ ಪಕ್ಷದ ಚಿಂತೆಯೂ ಇರಲಿಲ್ಲ. ನನ್ನ 14ನೇ ಪ್ರಶ್ನೆಯ ಚಿಂತೆ.

ಸೆಪ್ಟೆಂಬರ್ 11, ಶುಕ್ರವಾರ, ಹಡ್ಸನ್ ವೃತ್ತದ ಪಾಲಿಕೆ ಕಚೇರಿಯಲ್ಲಿ ಆಯ್ಕೆ. ಮರುದಿನದ ಪತ್ರಿಕೆಯಲ್ಲಿ ಮಡಿವಾಳ ವಾರ್ಡಿನ ಕಾಂಗ್ರೆಸ್ ಸದಸ್ಯ ಮಂಜುನಾಥ ರೆಡ್ಡಿಯವರು ಮೇಯರ್ ನಿಲುವಂಗಿ ತೊಟ್ಟು ನಿಂತ ಚಿತ್ರ. ಉಪಮೇಯರ್ ಹುದ್ದೆ ಜೆಡಿಎಸ್ಸಿನ ಹೇಮಲತಾ ಅವರಿಗೆ. ಕೂದಲೆಳೆಯ ಅಂತರ.

ಶನಿವಾರ ಬೆಳಗಿನ ತರಗತಿ. ಪತ್ರಿಕೆ ಕಂಕುಳಲ್ಲಿಟ್ಟುಕೊಂಡು ಹೋದೆ. ಹೋಗುವಾಗ ದಾರಿಯುದ್ದಕ್ಕೂ ಯೋಚಿಸಿದೆ. ಈ ವಿಷಯ ಎತ್ತದಿದ್ದರೆ ಯಾರೂ ಕೇಳುವುದಿಲ್ಲ. ಮಕ್ಕಳಿಗೆ ಗಣೇಶನ ಹಬ್ಬದ ಚಂದಾ ಎತ್ತುವ ಗಡಿಬಿಡಿ. ಮೂರನೇ ಬೆಂಚಿನ ಹುಡುಗಿಯಂತೂ ಬಾಯಿ ಬಿಡುವವಳಲ್ಲ. ಬೋರ್ಡಿನ ಮುಂದೆ ನಿಂತಾಗ ಅವಳು ಪುಸ್ತಕ ನೋಡುತ್ತಿದ್ದಳು, ನನ್ನನ್ನು ನೋಡುತ್ತಿರಲಿಲ್ಲ. ಅದನ್ನು ತಡೆಯಲಾಗಲಿಲ್ಲ. ಸೀಮೆಸುಣ್ಣ ತೆಗೆದುಕೊಂಡೆ.

198 ಎಂದು ಬರೆದೆ. ಅದರ ಕೆಳಗೆ 62. ಕೂಡಿದರೆ 260. ಅರ್ಧ 130. ಬಹುಮತಕ್ಕೆ ಬೇಕಾದದ್ದು 131. "ನೂರು ಇದ್ದವರಿಗೆ ಇನ್ನೆಷ್ಟು ಬೇಕು?" ಮೂವತ್ತೊಂದು ಎಂದು ಕೂಗಿದರು. "76, 14, 8 ಕೂಡಿ." ತೊಂಬತ್ತೆಂಟು. "ಇವರಿಗೆ ಎಷ್ಟು ಬೇಕು?" ಮೂವತ್ಮೂರು. "ಅಂದರೆ ವಾರ್ಡುಗಳ ಲೆಕ್ಕದಲ್ಲಿ ಎಲ್ಲರೂ ಸೇರಿದರೂ ನೂರಕ್ಕಿಂತ ಎರಡು ಕಡಿಮೆ. ಹಾಗಾದರೆ ತೀರ್ಮಾನ ಮಾಡಿದವರು ಯಾರು?" ತರಗತಿ 62ರ ಕಡೆ ನೋಡಿತು. ಆ ಸಂಖ್ಯೆಗೆ ಒಂದು ಸುತ್ತು ಹಾಕಿದೆ. ಲೆಕ್ಕದ ಮೇಷ್ಟರು ಕಿಟಕಿಯಲ್ಲಿ ಹಾದುಹೋಗುತ್ತಾ ತಮ್ಮ ಪೀರಿಯಡ್ ಯಾರು ಕದ್ದರೆಂದು ಇಣುಕಿ ನೋಡಿದರು.

ಹಿಂದಿನ ಬೆಂಚಿನ ಒಬ್ಬ ಹುಡುಗ ಸಿಟ್ಟಿನಲ್ಲೇ ಎದ್ದ. "ಸಾರ್, ಜನ ಗೆಲ್ಲಿಸಿದ್ದು ನೂರು ಜನರನ್ನ. ಇದು ಮೋಸ ಅಲ್ವಾ?" ಅವನ ತಂದೆ ಚುನಾವಣೆಯಲ್ಲಿ ಹಗಲೂ ರಾತ್ರಿ ಓಡಾಡಿದವರು. ಮತ್ತೊಬ್ಬ ತಕ್ಷಣ, "ಲೇ, ಬೇರೆಯವರಿಗೂ ಜನಾನೇ ಓಟ್ ಹಾಕಿದ್ದು" ಎಂದ. ಇವನ ಚಿಕ್ಕಪ್ಪ ಇನ್ನೊಂದು ಕಡೆ. ಎರಡು ನಿಮಿಷ ಗದ್ದಲ. ನಾನು ಹೇಳಿದ್ದು ಇಷ್ಟು: ನಿಯಮ ಮೊದಲೇ ಇತ್ತು, ಚುನಾವಣೆ ಆದ ಮೇಲೆ ಮಾಡಿದ್ದಲ್ಲ. ಆ ನಿಯಮ ಇರಬೇಕೇ ಬೇಡವೇ ಎಂಬುದು ದೊಡ್ಡವರೂ ಜಗಳವಾಡುವ ಮಾತು. ವಾರ್ಡಿಗೆ ನಿಲ್ಲದವರು ವಾರ್ಡಿನವರ ಯಜಮಾನನನ್ನು ಆರಿಸುವುದು ಸರಿಯೇ ಎಂದು ಕೇಳಬಹುದು. ಶಾಸಕರನ್ನೂ ಇದೇ ಊರಿನ ಜನರೇ ಆರಿಸಿದ್ದಲ್ಲವೇ ಎಂದೂ ಕೇಳಬಹುದು. ಆದರೆ ಆಟದ ಈ ನಿಯಮವನ್ನು ಆಟಕ್ಕೆ ಮೊದಲೇ ನಿಮಗೆ ಹೇಳಿಕೊಡಬೇಕಾಗಿದ್ದವನು ನಾನು. ಹೇಳಿರಲಿಲ್ಲ.

"ಪಕ್ಷಾಂತರ ಮಾಡಿದರೆ ಸದಸ್ಯತ್ವ ಹೋಗುತ್ತೆ ಅಂದಿದ್ರಲ್ಲ ಸಾರ್, ಪಕ್ಷೇತರರದು ಯಾಕೆ ಹೋಗಲ್ಲ?" ಎಂದು ಮುಂದಿನ ಬೆಂಚಿನಿಂದ ಪ್ರಶ್ನೆ. ಒಳ್ಳೆಯ ಪ್ರಶ್ನೆ. ಸ್ಥಳೀಯ ಸಂಸ್ಥೆಗಳಿಗೂ ಪಕ್ಷಾಂತರ ನಿಷೇಧದ ಕಾನೂನು ನಮ್ಮ ರಾಜ್ಯದಲ್ಲಿ 1987ರಿಂದ ಇದೆ. ಪಕ್ಷೇತರನಾಗಿ ಗೆದ್ದವನು ಆಮೇಲೆ ಒಂದು ಪಕ್ಷಕ್ಕೆ ಸೇರಿದರೆ ಸ್ಥಾನ ಹೋಗುತ್ತದೆ. ಸೇರದೆ ಹೊರಗೆ ನಿಂತು ಕೈ ಎತ್ತಿದರೆ ಹೋಗುವುದಿಲ್ಲ. ಮದುವೆಯಾಗದೆ ಬೀಗರ ಮನೆಯಲ್ಲಿ ಊಟ ಮಾಡಿದ ಹಾಗೆ ಎಂದೆ. ನಕ್ಕರು. ಗದ್ದಲ ಇಳಿಯಿತು.

ಆಗ ಮೂರನೇ ಬೆಂಚಿನ ಕಡೆ ತಿರುಗಿ, "14ನೇ ಪ್ರಶ್ನೆಗೆ ನೀನು ಬರೆದದ್ದು ಸರಿ ಇತ್ತಮ್ಮ. ನಾನು ತಿದ್ದಿದ್ದು ತಪ್ಪು. ಪೇಪರ್ ತಾ, ಅಂಕ ಹಾಕಿಕೊಡ್ತೀನಿ" ಎಂದೆ.

ಇಷ್ಟು ಹೇಳಿದರೆ ಭಾರ ಇಳಿಯುತ್ತದೆ ಎಂದುಕೊಂಡಿದ್ದೆ. ಇಳಿಯುವ ಮೊದಲೇ 41 ಮಕ್ಕಳ ಲಾಬಿ ಶುರುವಾಯಿತು. ಅವಳಿಗೆ ಕೊಟ್ಟರೆ ನಮ್ಮದು ಕಳೀತೀರಾ ಸಾರ್? ಪರೀಕ್ಷೆ ದಿನ ಪೇಪರ್‌ನಲ್ಲಿ ಹಾಗೇ ಬಂದಿತ್ತಲ್ಲ ಸಾರ್? ಯಾರದೂ ಕಳೆಯುವುದಿಲ್ಲ ಎಂದು ಭರವಸೆ ಕೊಟ್ಟೆ. ಸಮ್ಮಿಶ್ರ ಸರ್ಕಾರ ನಡೆಸುವ ಕಷ್ಟ ನನಗೆ ಅರ್ಥವಾದದ್ದು ಆ ದಿನವೇ.

ಅವಳು ಉತ್ತರಪತ್ರಿಕೆ ತಂದು ಮೇಜಿನ ಮೇಲಿಟ್ಟಳು. ತಲೆ ತಗ್ಗಿಸಿಯೇ ಹೇಳಿದಳು. "ಈಗ ಅಂಕ ಬೇಡ ಸಾರ್. ಕ್ವಿಜ್ ಆಗೋಯ್ತಲ್ಲ. ಇದು ನಿಮ್ಮ ಹತ್ರಾನೇ ಇರಲಿ."

ಅದರಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ಸೋಮವಾರ ಒಬ್ಬ ತಂದೆ ಮುಖ್ಯೋಪಾಧ್ಯಾಯರ ಕೊಠಡಿಗೆ ಬಂದರು. "ನಿಮ್ಮ ಮೇಷ್ಟ್ರು ಮಕ್ಕಳಿಗೆ ರಾಜಕೀಯ ಹೇಳಿಕೊಡ್ತಾರಂತೆ" ಎಂದು ದೂರು. ಮಗನನ್ನು ಓದಲಿಕ್ಕೆ ಕಳಿಸಿರುವುದು, ಪಕ್ಷ ಕಟ್ಟಲಿಕ್ಕಲ್ಲ ಎಂದರು. ಹೇಳುತ್ತಿದ್ದವರ ಶರ್ಟಿನ ಜೇಬಿನಲ್ಲಿ ಅವರ ಪಕ್ಷದ ಚಿಹ್ನೆಯ ಬಿಲ್ಲೆ ಇನ್ನೂ ಇತ್ತು. ನಾನು ಬೋರ್ಡಿನಲ್ಲಿ ಬರೆದ ಕೂಡುವ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ಅವರ ಮುಂದಿಟ್ಟೆ. ನೋಡಿದರು. "ಲೆಕ್ಕ ಸರಿ ಇದೆ" ಎಂದರು. "ಆದರೂ ಇದೆಲ್ಲ ಪರೀಕ್ಷೆಗೆ ಬರುತ್ತಾ?" ಓದುಗರಲ್ಲಿರುವ ತಂದೆ ತಾಯಂದಿರು ಬೇಸರ ಮಾಡಿಕೊಳ್ಳಬಾರದು, ನನ್ನ ಇಡೀ ವೃತ್ತಿಜೀವನದಲ್ಲಿ ನಾನು ಅತಿ ಹೆಚ್ಚು ಸಲ ಕೇಳಿದ ಪ್ರಶ್ನೆ ಇದೇ. ಪರೀಕ್ಷೆಗೆ ಬಂದಿತ್ತು, ನಾನೇ ತಪ್ಪು ಉತ್ತರ ಬರೆಸಿದ್ದೆ ಎಂದು ಅವರಿಗೆ ಹೇಳಲಿಲ್ಲ.

ಆದರೆ ನನ್ನನ್ನು ಕೊರೆಯುತ್ತಿದ್ದ ಸಂಗತಿ ಬೇರೆ. 42 ಮಕ್ಕಳಲ್ಲಿ, ಹನ್ನೆರಡು ಜನ ಮೇಷ್ಟರುಗಳಲ್ಲಿ, ಇವಳೊಬ್ಬಳಿಗೆ ಹೇಗೆ ಗೊತ್ತಾಯಿತು? ಒಂದು ದಿನ ಬೆಲ್ ಹೊಡೆದ ಮೇಲೆ ಕೇಳಿದೆ.

"ನಮ್ಮಮ್ಮ ಹೇಳಿದ್ರು ಸಾರ್."

ಅವಳ ತಾಯಿ ಪೌರಕಾರ್ಮಿಕೆ. ನಮ್ಮ ಶಾಲೆಯಿಂದ ಎರಡು ಬೀದಿ ಆಚೆ ಗುಡಿಸುತ್ತಿದ್ದರು. ಆ ಕಾಲಕ್ಕೆ ಬಹುಪಾಲು ಪೌರಕಾರ್ಮಿಕರು ಗುತ್ತಿಗೆದಾರರ ಕೈಕೆಳಗೆ. ಬೆಳಿಗ್ಗೆ ಆರೂವರೆಗೆ ಹಾಜರಿ ಹಾಕುವ ಜಾಗಕ್ಕೂ ಮಸ್ಟರಿಂಗ್ ಎಂದೇ ಹೆಸರು. ನಾನು ಐದು ವರ್ಷಕ್ಕೊಮ್ಮೆ ನಿಲ್ಲುವ ಸಾಲಿನಲ್ಲಿ ಅವರು ದಿನಾ ನಿಲ್ಲುತ್ತಿದ್ದರು. ಎರಡು ತಿಂಗಳಿನಿಂದ ಅವರಿಗೆ ಸಂಬಳ ಬಂದಿರಲಿಲ್ಲವಂತೆ. ಕೇಳಿದಾಗಲೆಲ್ಲ ಗುತ್ತಿಗೆದಾರನ ಮೇಸ್ತ್ರಿಯ ಉತ್ತರ ಒಂದೇ. ಎಲೆಕ್ಷನ್ ಮುಗಿಯಲಿ. ಎಲೆಕ್ಷನ್ ಮುಗಿದ ಮೇಲೆ, ಮೇಯರ್ ಆಗಲಿ, ಯಾರು ಬರ್ತಾರೋ ಗೊತ್ತಿಲ್ಲ, ಮೇಯರ್ ಆಗೋವರೆಗೂ ಬಿಲ್ಲಿಗೆ ಸಹಿ ಬೀಳಲ್ಲ. ಹೀಗಾಗಿ ಆ ಮನೆಯಲ್ಲಿ ಅಧಿಕಾರಕ್ಕೆ ಯಾರು ಬರುತ್ತಾರೆ ಎಂಬುದು ಒಂದು ಅಂಕದ ಪ್ರಶ್ನೆಯಾಗಿರಲಿಲ್ಲ. ಅವಳ ತಾಯಿ ದಿನವೂ ಟೀ ಅಂಗಡಿಯ ಪತ್ರಿಕೆಯನ್ನು ಮಗಳ ಕೈಲಿ ಓದಿಸಿ ಕೇಳುತ್ತಿದ್ದರಂತೆ. ನಾನು "ದಿನಪತ್ರಿಕೆ ಓದು" ಎಂದು ಬರೆದದ್ದು ಆ ಹುಡುಗಿಗೆ.

ಮರುದಿನ ಬೇಗ ಹೊರಟು ಆ ಬೀದಿಗೆ ಹೋದೆ. ಬೇಕರಿಯ ಮುಂದೆ ತಳ್ಳುಗಾಡಿ ನಿಲ್ಲಿಸಿಕೊಂಡು ಇದ್ದರು. ನಾನು ಮಗಳ ಮೇಷ್ಟ್ರು ಎಂದಾಗ ಪೊರಕೆ ಕೆಳಗಿಟ್ಟು ಸೆರಗು ಸರಿಮಾಡಿಕೊಂಡರು. ಮಗಳೇನಾದರೂ ತಪ್ಪು ಮಾಡಿದಳೋ ಎಂಬ ಗಾಬರಿ. ಇಲ್ಲ, ತಪ್ಪು ಮಾಡಿದ್ದು ನಾನು ಎಂದೆ. ಹೇಳಿದ್ದನ್ನು ಕೇಳಿ ನಕ್ಕುಬಿಟ್ಟರು. "ಅಯ್ಯೋ, ಅಷ್ಟಕ್ಕೆ ಬಂದ್ರಾ ಸಾರ್."

ಅಷ್ಟಕ್ಕೆ ನಿಲ್ಲಿಸದೆ ನನ್ನ ವಿದ್ಯೆಯನ್ನೂ ಸ್ವಲ್ಪ ಪ್ರದರ್ಶಿಸಿದೆ. "ನೋಡಿಯಮ್ಮ, ನಿಮ್ಮ ಮೇಸ್ತ್ರಿ ಹೇಳೋದು ಸುಳ್ಳು. ಪಾಲಿಕೆಯ ಆಡಳಿತದ ಅಧಿಕಾರ ಇರೋದು ಆಯುಕ್ತರ ಹತ್ರ. ಮೇಯರ್ ಸಭೆ ನಡೆಸ್ತಾರೆ, ಮೇಯರ್ ಇಲ್ಲ ಅಂತ ಬಿಲ್ಲು ನಿಲ್ಲೋದಿಲ್ಲ. ನೀವು ಕೇಳಬೇಕು."

ಅವರು ನನ್ನನ್ನು ಸ್ವಲ್ಪ ಹೊತ್ತು ನೋಡಿದರು. ದಡ್ಡ ಹುಡುಗನನ್ನು ನಾನು ನೋಡುವ ನೋಟ ಅದು, ನನಗೆ ಗುರುತು ಸಿಕ್ಕಿತು.

"ಗೊತ್ತು ಸಾರ್. ನಮ್ಮಲ್ಲಿ ಎಲ್ಲಾರಿಗೂ ಗೊತ್ತು. ಕೇಳಿದ್ರೆ ನಾಳೆಯಿಂದ ಬರಬೇಡ ಅಂತಾನೆ. ಮೇಯರ್ ಆದ್ಮೇಲೆ ಅವನಿಗೆ ಹೇಳಕ್ಕೆ ಬೇರೆ ನೆಪ ಇರಲ್ಲ. ಅದಕ್ಕೇ ಕಾಯ್ತಾ ಇದ್ವಿ."

ಗಣೇಶನ ಹಬ್ಬ ಕಳೆದು ಹತ್ತು ದಿನಕ್ಕೆ ಒಂದು ತಿಂಗಳ ಸಂಬಳ ಬಂತೆಂದು ಹುಡುಗಿ ಹೇಳಿದಳು. ಇನ್ನೊಂದು ತಿಂಗಳದ್ದು ಯಾವಾಗ ಬಂತೋ ನಾನು ಕೇಳಲಿಲ್ಲ. ಗುತ್ತಿಗೆಯ ಕೊಂಡಿ ತಪ್ಪಿಸಿ ಪೌರಕಾರ್ಮಿಕರ ಖಾತೆಗೇ ಪಾಲಿಕೆ ನೇರವಾಗಿ ಸಂಬಳ ಹಾಕತೊಡಗಿದ್ದು 2018ರಲ್ಲಿ. ಅಷ್ಟರಲ್ಲಿ ಅವಳು ಎಸ್ಸೆಸ್ಸೆಲ್ಸಿ ಮುಗಿಸಿ ಪಿಯುಸಿಗೆ ಹೋಗಿದ್ದಳು. ಅಮ್ಮನ ಪಾಸ್‌ಬುಕ್ಕಿನಲ್ಲಿ ಮೊದಲ ಸಲ ಸಂಬಳ ಅಚ್ಚಾದ ದಿನ ಶಾಲೆಗೆ ಬಂದು ತೋರಿಸಿ ಹೋದಳು.

ಪಾಲಿಕೆಯ ಕಥೆ ಅಲ್ಲಿಗೇ ಮುಗಿಯಲಿಲ್ಲ. ವರ್ಷಕ್ಕೊಬ್ಬರು ಮೇಯರ್. 2016ರಲ್ಲಿ ಪದ್ಮಾವತಿ, 2017ರಲ್ಲಿ ಸಂಪತ್ ರಾಜ್, 2018ರಲ್ಲಿ ಗಂಗಾಂಬಿಕೆ, ಮೂವರೂ ಕಾಂಗ್ರೆಸ್ಸಿನವರೇ. ಉಪಮೇಯರ್ ಜೆಡಿಎಸ್ಸಿಗೆ, ಸ್ಥಾಯಿ ಸಮಿತಿಗಳು ಹಂಚಿಕೆಗೆ. ವರ್ಷಕ್ಕೊಮ್ಮೆ ಅದೇ ಲೆಕ್ಕ, ಅದೇ ರೆಸಾರ್ಟಿನ ಸುದ್ದಿ. ನಾನೂ ಪ್ರತಿ ಸೆಪ್ಟೆಂಬರ್ ಬಂದಾಗ ಬೋರ್ಡಿನ ಮೇಲೆ ಹೊಸ ಸಂಖ್ಯೆ ಬರೆದು ಕೂಡಿಸುತ್ತಿದ್ದೆ. 2019ರ ಜುಲೈನಲ್ಲಿ ರಾಜ್ಯದ ಸಮ್ಮಿಶ್ರ ಸರ್ಕಾರ ಬಿತ್ತು. ನಗರದ ಕೆಲವು ಶಾಸಕರು ಅನರ್ಹರಾದರು. ಮೇಯರನ್ನು ಆರಿಸುವವರ ಪಟ್ಟಿಯೇ ಬದಲಾಯಿತು. ಅಕ್ಟೋಬರ್ 1ರಂದು ಬಿಜೆಪಿಯ ಗೌತಮ್ ಕುಮಾರ್ ಮೇಯರ್ ಆದರು. ಒಂದೆರಡು ಉಪಚುನಾವಣೆ ಬಿಟ್ಟರೆ ಜನ ಮತ್ತೆ ಮತಗಟ್ಟೆಗೆ ಹೋಗಿರಲಿಲ್ಲ. 2015ರ ಆಗಸ್ಟಿನಲ್ಲಿ ಹಾಕಿದ ಅದೇ ಓಟುಗಳು, ನಾಲ್ಕು ವರ್ಷ ಒಂದು ಕಡೆ ವಾಲಿ ಐದನೇ ವರ್ಷ ಇನ್ನೊಂದು ಕಡೆ ವಾಲಿದವು. ಆ ದಿನ ಸಂಜೆ ಅವಳ ಫೋನು ಬಂತು. ಬಿ.ಕಾಂ. ಓದುತ್ತಿದ್ದಳು.

"ಸಾರ್, ಆ 41 ಜನಕ್ಕೂ ಈಗ ಅಂಕ ಕೊಡಬಹುದು."

2020ರ ಸೆಪ್ಟೆಂಬರ್ 10ಕ್ಕೆ ಆ ಪಾಲಿಕೆಯ ಅವಧಿ ಮುಗಿಯಿತು. ಆಡಳಿತಾಧಿಕಾರಿ ಬಂದು ಕುಳಿತರು. ಇದೇನು ಹೊಸದಲ್ಲ. 2006ರ ಕೊನೆಯಿಂದ 2010ರವರೆಗೂ ಹೀಗೇ ಆಗಿತ್ತು. ಹತ್ತನೇ ತರಗತಿಯವರಿಗೆ ನಾನು 74ನೇ ತಿದ್ದುಪಡಿ ಪಾಠ ಮಾಡುತ್ತಿದ್ದೆ. ಅದು 1993ರ ಜೂನ್ 1ರಿಂದ ಜಾರಿಗೆ ಬಂದದ್ದು. ನಗರಸಭೆಯ ಅವಧಿ ಐದು ವರ್ಷ, ಅದು ಮುಗಿಯುವ ಮೊದಲೇ ಹೊಸ ಚುನಾವಣೆ ನಡೆದಿರಬೇಕು ಎಂದು 243ಯು ವಿಧಿಯಲ್ಲಿ ಸ್ಪಷ್ಟವಾಗಿದೆ. ಮಕ್ಕಳು ಬರೆದುಕೊಳ್ಳುತ್ತಿದ್ದರು, ಕಂಠಪಾಠ ಮಾಡುತ್ತಿದ್ದರು, ಅಂಕ ತೆಗೆದುಕೊಳ್ಳುತ್ತಿದ್ದರು. ಹೊರಗೆ ವಾರ್ಡುಗಳನ್ನು 198ರಿಂದ 243 ಮಾಡುವ, ಮತ್ತೆ ಕಡಿಮೆ ಮಾಡುವ, ಮೀಸಲಾತಿ ಪಟ್ಟಿ ಹೊರಡಿಸುವ, ಅದರ ಮೇಲೆ ನ್ಯಾಯಾಲಯಕ್ಕೆ ಹೋಗುವ ಕೆಲಸ ನಡೆಯುತ್ತಿತ್ತು. ಯಾವ ಪಕ್ಷ ಸರ್ಕಾರದಲ್ಲಿದ್ದರೂ ನಡೆಯುತ್ತಿತ್ತು. ನಾನು 2021ರಲ್ಲಿ ನಿವೃತ್ತನಾದೆ. ನನ್ನ ಕೊನೆಯ ತರಗತಿಯಲ್ಲಿ ಒಬ್ಬ ಹುಡುಗ, "ಸಾರ್, ಚುನಾವಣೆ ಮಾಡದಿದ್ರೆ ಯಾರಿಗೆ ಶಿಕ್ಷೆ?" ಎಂದು ಕೇಳಿದ. ಬೆಲ್ ಹೊಡೆಯಿತು. ನನಗೆ ಅಂದು ಬೆಲ್ ಮೇಲೆ ಬಂದಷ್ಟು ಪ್ರೀತಿ ಎಂದೂ ಬಂದಿರಲಿಲ್ಲ.

2025ರ ಸೆಪ್ಟೆಂಬರಿನಲ್ಲಿ ಬೃಹತ್ ಬೆಂಗಳೂರು ಪಾಲಿಕೆಯ ಬದಲು ಐದು ಪಾಲಿಕೆಗಳು ಬಂದವು. ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ. ಪತ್ರಿಕೆಯಲ್ಲಿ ನಕ್ಷೆ ಅಚ್ಚಾಗಿತ್ತು. ಕನ್ನಡಕ ಹಾಕಿಕೊಂಡು ನನ್ನ ಮನೆ ಯಾವ ಬಣ್ಣದಲ್ಲಿದೆ ಎಂದು ಹುಡುಕುತ್ತಿದ್ದಾಗ ಅವಳೇ ಬಂದಳು. ಈಗ ಒಂದು ಆಡಿಟರ್ ಕಚೇರಿಯಲ್ಲಿ ಕೆಲಸ. ತಾಯಿಗೆ ಮಂಡಿನೋವು, ಕೆಲಸ ಬಿಟ್ಟಿದ್ದಾರೆ. ಕಾಫಿ ಕುಡಿಯುತ್ತಾ ಲೆಕ್ಕ ಹೇಳಿದಳು. ಲೋಕಸಭೆಗೆ ಎರಡು ಸಲ, ವಿಧಾನಸಭೆಗೆ ಒಂದು ಸಲ ಓಟು ಹಾಕಿದ್ದಾಳೆ. ಕಾರ್ಪೊರೇಟರಿಗೆ ಒಂದು ಸಲವೂ ಇಲ್ಲ. 2015ರಲ್ಲಿ ವಯಸ್ಸಾಗಿರಲಿಲ್ಲ, ವಯಸ್ಸಾದ ಮೇಲೆ ಚುನಾವಣೆ ಆಗಿರಲಿಲ್ಲ. "ನಮ್ಮಮ್ಮ ಪೊರಕೆ ಒರಗಿಸಿಟ್ಟು ಹೋಗಿ ಹಾಕ್ತಿದ್ರು ಸಾರ್. ನಾನು ಹಾಕೇ ಇಲ್ಲ."

ಬೀರುವಿನಿಂದ ಹಳೆಯ ಹಾಳೆ ತಂದು ಮುಂದಿಟ್ಟೆ. ನನ್ನ ದಪ್ಪ ಅಕ್ಷರದ ಷರಾ ಓದಿ ನಕ್ಕಳು. ಆಮೇಲೆ ಪತ್ರಿಕೆಯ ನಕ್ಷೆಯ ಮೇಲೆ ಬೆರಳಿಟ್ಟು ಕೇಳಿದಳು.

"ಸಾರ್, ನಿಮ್ಮ ಮನೆ ಈಗ ಯಾವ ಪಾಲಿಕೆಗೆ ಬರುತ್ತೆ?"

ಗೆರೆ ನಮ್ಮ ಬಡಾವಣೆಯ ಹತ್ತಿರವೇ ಎಲ್ಲೋ ಹಾದುಹೋಗಿತ್ತು. "ದಕ್ಷಿಣ ಇರಬೇಕು" ಎಂದೆ.

"ಇರಬೇಕು ಅಂದ್ರೆ ಅಂಕ ಇಲ್ಲ ಸಾರ್" ಎಂದಳು.